ಗೂಟದ ಗಂಟೆ

ಮಾರ್ಚ್ 9, ರಾತ್ರಿ 11

ಪ್ಯೂರ್ ಡೇಟಾ, ದನಿ ಕಟ್ಟುವ ತಂತ್ರಾಂಶ, ತೆರೆಯಿತು. ತೆರೆದದ್ದಷ್ಟೇ. 2012ರಲ್ಲಿ ಕಟ್ಟಿದ ಪ್ಯಾಚ್, ಅರ್ಧ ಪೆಟ್ಟಿಗೆಗಳ ಸುತ್ತ ಮುರುಕು ಗೆರೆ. ಕೆಳಗೆ ಕೆಂಪಕ್ಷರದಲ್ಲಿ ‘ಕುಡಂಟ್ ಕ್ರಿಯೇಟ್’. ಆಗ ಬಳಸಿದ್ದು ಅದರದೇ ಪಿಡಿ-ಎಕ್ಸ್‌ಟೆಂಡೆಡ್ ಆವೃತ್ತಿ. 2013ರ ಮೇಲೆ ಅದನ್ನು ಯಾರೂ ಮುಂದುವರಿಸಲಿಲ್ಲ. ಲೈಬ್ರರಿಗಳನ್ನು ಡೆಕೆನ್‌ನಿಂದ ಒಂದೊಂದೇ ಇಳಿಸಬೇಕು. ಸಿಗ್ನಲ್ ಸಿಗುವುದು ಮಾಳಿಗೆ ಮೇಲೆ, ನೀರಿನ ತೊಟ್ಟಿ ಪಕ್ಕ ಮಾತ್ರ.

ಮಾರ್ಚ್ 10, ಬೆಳಿಗ್ಗೆ

ಪೆಟ್ಟಿಗೆಗಳು ಬಂದವು, ದನಿ ಬರಲಿಲ್ಲ. ‘ಡಿವೈಸ್ ಬಿಜಿ.’ ಫ್ಯೂಸರ್ ಹಾಕಿ ನೋಡಿದರೆ ಪಲ್ಸ್‌ಆಡಿಯೋ ಸೌಂಡ್ ಕಾರ್ಡನ್ನು ಹಿಡಿದು ಕೂತಿದೆ. ಪಾಸಸ್ಪೆಂಡರ್‌ನಿಂದ ಬಿಡಿಸಿ, ಆಸಿಲೇಟರ್ ಪೆಟ್ಟಿಗೆಯಿಂದ ಡ್ಯಾಕ್ ಪೆಟ್ಟಿಗೆಗೆ ಗೆರೆ ಎಳೆದೆ. 440 ಹರ್ಟ್ಸ್ ಕೂ ಅಂತು. ಇಷ್ಟಕ್ಕೇ ಎದ್ದು ಕುಣಿಯುವಷ್ಟು ಖುಷಿ.

ಅಜ್ಜಿ: “ಹೊತ್ತಾರೆಗೇ ಅದೇನೋ ಗೋಳು?”

ಮಾರ್ಚ್ 11

ಪಟ್ ಪಟ್. ಯಾರೋ ಪಕ್ಕದಲ್ಲಿ ಕೂತು ಶೇಂಗಾ ಸುಲಿದ ಹಾಗೆ. ಡಿಲೇ 10 ಮಿಲಿಸೆಕೆಂಡ್ ಇದ್ದದ್ದನ್ನು 50 ಮಾಡಿದೆ. ಕಡಿಮೆಯಾಯಿತು, ಹೋಗಲಿಲ್ಲ. ಆಡಿಯೋ ಗುಂಪಿಗೆ ನನ್ನ ಹೆಸರು ಸೇರಿಸಿ, ಲಿಮಿಟ್ಸ್ ಕಡತದಲ್ಲಿ ಆರ್‌ಟಿಪ್ರಯೋ 95, ಮೆಮ್‌ಲಾಕ್ ಅನ್‌ಲಿಮಿಟೆಡ್ ಬರೆದೆ. ಲಾಗೌಟ್ ಆಗಿ ಬಂದ ಮೇಲೇ ಅದು ಜಾರಿ. ಮರೆತು ಎರಡು ಗಂಟೆ ಹಾಳು.

ರಾತ್ರಿ ಗುಂಯ್ ಶುರು. ಚಾರ್ಜರ್ ಕಿತ್ತರೆ ನಿಂತಿತು. ಈ ಮನೆಗೆ ಅರ್ಥಿಂಗೇ ಇಲ್ಲ.

ಮಾರ್ಚ್ 12, ಸಂಜೆ

ಬ್ಯಾಟರಿಯಲ್ಲೂ ಗುಂಯ್. ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದೆ. ಕೊನೆಗೆ ಹೆಡ್‌ಫೋನ್ ತೆಗೆದೆ. ಗುಂಯ್ ಹಾಗೇ ಇದೆ! ಆಕಾಶದಲ್ಲಿ ಪೈಲಟ್ ಇಲ್ಲದ್ದೊಂದು ಸುತ್ತುತ್ತಿತ್ತು. ವರವು ಕಾವಲಿನಲ್ಲಿ 2017ರಿಂದ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಇದೆಯಲ್ಲ, ನೆನಪೇ ಆಗಲಿಲ್ಲ. ಒಬ್ಬನೇ ನಕ್ಕೆ.

ಮಾರ್ಚ್ 13

ತಾತನ ದನಿಯ ಕಡತ ಹಾಕಿದೆ. ಉಳ್ಳಾರ್ತಿ ಕಾವಲ್, 2011, ಹೊತ್ತು ಮುಳುಗುವಾಗ. ತಾತ ದೇವರ ದನಗಳ ಕಿಲಾರಿ. ರೊಪ್ಪಕ್ಕೆ ದನ ಕರೆಯುವ ಕೂಗು, ಮುಂದಿನ ಹಸುವಿನ ಗಂಟೆ, ಬಾದೆ ಹುಲ್ಲಿನಲ್ಲಿ ಗಾಳಿ. ಇರುವುದು ಇದೊಂದೇ. ನಾನು ನಿಂತು ರೆಕಾರ್ಡ್ ಮಾಡಿದ ಜಾಗ ಈಗ ಕಾವಲಿಗೆ ಕಟ್ಟಿದ ಗೋಡೆಯ ಒಳಗಿದೆ.

ಎಷ್ಟು ಗಂಭೀರ ದನಿ. ನೆಲದೊಳಗಿಂದ ಬಂದ ಹಾಗೆ. ನಾಲ್ಕು ಸಲ ಕೇಳಿದೆ.

ಮಾರ್ಚ್ 14

ಅಜ್ಜಿಗೆ ಕೇಳಿಸಿದೆ. ಮನೆಯಲ್ಲಿ ಎಲ್ಲರಿಗೂ ನಾಯಕನಹಟ್ಟಿ ತೇರಿನದೇ ಮಾತು, ಇವಳೊಬ್ಬಳು ಕೂತಳು. ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು.

“ನಿಮ್ ತಾತನ ದನಿ ಅಲ್ಲ ಕಣೋ ಇದು.”

ಅವರದೇ ಅಂದೆ.

“ಜ್ವರ ಬಂದಾಗ ಹಿಂಗಿತ್ತು. ಗಂಟೇನೂ ನಮ್ಮದಲ್ಲ.”

ಸಿಟ್ಟು ಬಂತು. ಮೈಕ್ ಹಿಡಿದಿದ್ದವನು ನಾನು.

ಮಾರ್ಚ್ 15, ಬೆಳಗಿನ ಜಾವ 2

ನಿದ್ದೆ ಇಲ್ಲ. ಅದೇ ಗಂಟೆ ನಡುಮನೆಯ ಗೂಟದಲ್ಲಿ ನೇತಾಡುತ್ತಿದೆ. ಇಳಿಸಿ ತಂದೆ. ಒಳಗೆ ಜೇಡರ ಬಲೆ. ನಾಲಗೆಗೆ ಕಟ್ಟಿದ್ದ ಚರ್ಮ ಒಣಗಿ ಕಡ್ಡಿಯಾಗಿದೆ. ಬಟ್ಟೆ ಸುತ್ತಿ ಹಿಡಿದು, ಮೈಕಿನ ಮುಂದೆ ಬೆರಳಲ್ಲಿ ಮೆಲ್ಲಗೆ ಬಡಿದೆ, ಯಾರೂ ಏಳಬಾರದೆಂದು. ಆವರ್ತನ ಅಳೆಯುವ ಸಿಗ್ಮಂಡ್ ಪೆಟ್ಟಿಗೆಯ ಅಂಕಿ ಕುಣಿಯಿತು. ಗಂಟೆಯ ನಾದ ಒಂದೇ ಎಳೆಯದಲ್ಲ. ಬಟ್ಟೆ ಬಿಟ್ಟೆ, ಮತ್ತೆ ಬಡಿದೆ. 1,208ರ ಹತ್ತಿರ ನಿಂತಿತು. ಕಡತದಲ್ಲಿ ಅದೇ ಗಂಟೆ: 1,110.

ಭಾಗಿಸಿದೆ. 0.919.

44,100 ಭಾಗ 48,000. ಅದೇ.

ರೆಕಾರ್ಡ್ ಆದದ್ದು 48ರಲ್ಲಿ, ಪಿಡಿ ಓಡುತ್ತಿರುವುದು 44.1ರಲ್ಲಿ. ಕಡತ ಓದುವ ಪೆಟ್ಟಿಗೆಗೆ ದರದ ಗೊಡವೆ ಇಲ್ಲ, ಬಂದ ಹಾಗೆ ಸುರಿಯುತ್ತದೆ. ಒಂದು ನಿಮಿಷ 65 ಸೆಕೆಂಡ್ ಆಗುತ್ತದೆ, ದನಿ ಸುಮಾರು ಒಂದೂವರೆ ಸೆಮಿಟೋನ್ ಇಳಿಯುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು.

ತಿದ್ದಿಲ್ಲ. ಬೆಳಿಗ್ಗೆ ನೋಡೋಣ.

ಮಾರ್ಚ್ 16

ತಿದ್ದಿದೆ. ತಾತನ ದನಿ ತೆಳ್ಳಗೆ, ಅವಸರದ್ದು. ಎಲ್ಲಿಗೋ ಹೊರಟವನ ದನಿ. ನನಗೆ ಹಿಡಿಸಲಿಲ್ಲ, ಬರೆದುಕೊಳ್ಳುತ್ತೇನೆ. ನಾಲ್ಕು ಸಲ ಕೇಳಿದ್ದು ಯಾರನ್ನು ಹಾಗಾದರೆ?

ಅಜ್ಜಿ ಕೇಳಿ ಹೂಂ ಅಂದಳು. ಇನ್ನೊಂದು ಸಲ ಹಾಕು ಅನ್ನಲಿಲ್ಲ. ಗಂಟೆಯೊಳಗಿನ ಬಲೆಯನ್ನು ಸೆರಗಿನಲ್ಲಿ ತೆಗೆದು ಗೂಟಕ್ಕೆ ಹಾಕಿದಳು.

ರಾತ್ರಿ

ಮೂರನೇ ನಿಮಿಷದಲ್ಲಿ ಇನ್ನೂ ಒಂದು ಪಟ್ ಉಳಿದಿದೆ. ಬಫರಿನದೋ, ತಾತ ಕೋಲು ಕುಟ್ಟಿದ್ದೋ. ಮತ್ತೊಮ್ಮೆ ಹಾಕಿದಾಗ ಅಲ್ಲೇ ಬಂದರೆ ಕಡತದ್ದೆಂದು ಗೊತ್ತಾಗುತ್ತದೆ. ಹಾಕಿಲ್ಲ.