ನೀರಿನ ಕಛೇರಿ

ಮಗಳ ಪಿಯಾನೋ ಕಛೇರಿಗೆ ಒಂದು ವಿಷಯವಿರಲಿ ಎಂದು ಹಟ ಹಿಡಿದವರು ನಾವೇ. ಒಂದು ಊರು, ಒಂದು ಋತು, ಹೀಗೆ ಏನಾದರೊಂದು ಎಳೆ ಹಿಡಿದು ಕೃತಿಗಳನ್ನು ಪೋಣಿಸುವ ವಾಡಿಕೆ ಇಲ್ಲಿದೆ. ನಾವು ಆರಿಸಿದ್ದು ನೀರು. 1846ರಲ್ಲಿ ಅಚ್ಚಾದ ಶೊಪೆನ್‌ನ ದೋಣಿಹಾಡು 'ಬಾರ್ಕರೋಲ್', ವಿಲ್ಲಾ ದೆಸ್ತೆಯ ಕಾರಂಜಿಗಳ ಮೇಲೆ ಲಿಸ್ಟ್ 1877ರಲ್ಲಿ ಬರೆದದ್ದು, ರಾವೆಲ್‌ನ 1901ರ 'ನೀರಾಟ', ಕೊನೆಗೆ ಡೆಬ್ಯುಸಿಯ 'ನೀರಿನಲ್ಲಿ ಪ್ರತಿಬಿಂಬಗಳು'. ಪಟ್ಟಿಯ ಅಂದಕ್ಕೆ ಮರುಳಾಗಿ ಆಹ್ವಾನಪತ್ರಿಕೆಯನ್ನೂ ಅಚ್ಚು ಹಾಕಿಸಿಬಿಟ್ಟೆವು.

ಮನೆಯಲ್ಲಿ ಸಾಲಾಗಿ ನುಡಿಸಿದಾಗ ಮೂರನೆಯದಕ್ಕೇ ನಮಗೆ ತೂಕಡಿಕೆ! ಶೊಪೆನ್, ಲಿಸ್ಟ್ ಎರಡೂ ಎಫ್ ಶಾರ್ಪ್ ಮೇಜರ್ ಶ್ರುತಿಯವು. ಕಾರಂಜಿ ಮುಗಿದರೆ ನೀರಾಟ, ಮತ್ತೆ ಅದೇ ತುಂತುರು. ನಮ್ಮ ಕಡೆ ಮೋಹನದ ಬೆನ್ನಿಗೇ ಮೋಹನ ಹಾಡುತ್ತಾರೆಯೇ? ಕಛೇರಿ ಕೇಳುತ್ತಲೇ ಬೆಳೆದ ನಮಗೆ ಇದು ಹೊಳೆಯಲಿಲ್ಲ ನೋಡಿ.

"ಲಿಸ್ಟ್ ಬಿಟ್ಟುಬಿಡ್ತೀನಿ" ಎಂದಳು ಮಗಳು. ಎಂಟು ತಿಂಗಳು ಬೆರಳು ಸವೆಸಿ ಕಲಿತದ್ದು. ಬೇಡವೆಂದೆವು. ಅತ್ತಳೇ ಹೊರತು ಮನಸ್ಸು ಬದಲಿಸಲಿಲ್ಲ. ಆ ಜಾಗಕ್ಕೆ ಬಾಖ್‌ನ ಸಿ ಮೈನರ್ ಫ್ಯೂಗ್ ತಂದಿಟ್ಟಳು. ಅದರಲ್ಲಿ ನೀರೆಲ್ಲಿದೆ ಎಂದು ಕೇಳಿದೆವು. "ದಡ ಬೇಡವೇನಮ್ಮ?" ಎಂದಳು.

ಅಂದು ಫ್ಯೂಗ್ ಮುಗಿದು ರಾವೆಲ್ ಶುರುವಾದಾಗ ಮುಂದಿನ ಸಾಲಿನ ತಲೆಗಳೆಲ್ಲ ಮೇಲೆದ್ದವು. ಪತ್ರಿಕೆಗಳಲ್ಲಿ ಲಿಸ್ಟ್ ಹೆಸರನ್ನು ಶಾಯಿಯಲ್ಲಿ ಹೊಡೆದುಹಾಕಿದವರೂ ನಾವೇ. ಆ ಕೃತಿ ಕೇಳಬೇಕೆನ್ನುವವರು ಯಾವುದಾದರೂ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ನುಡಿಸುತ್ತಾಳೆ. ಕಾಫಿಯೂ ಇರುತ್ತದೆ.