ಸಿಕ್ಕಿಬಿದ್ದನೋ, ಸಿಕ್ಕಿಬಿದ್ದರೋ?

ಕನ್ನಡ ಪತ್ರಿಕೆಯ ಹೆಡ್ಡಿಂಗಿಗೆ ಕ್ರಿಯಾಪದ ಕಂಡರಾಗದು. ‘ಬಸ್ ಪಲ್ಟಿ: ಮೂವರ ಸಾವು’, ‘ಬೆಳೆ ಪರಿಹಾರಕ್ಕೆ ರೈತರ ಆಗ್ರಹ’, ‘ರಸ್ತೆ ಕಾಮಗಾರಿಗೆ ಶಾಸಕರಿಂದ ಚಾಲನೆ’. ಬಸ್ಸು ಮಗುಚಿದ್ದಕ್ಕೂ ಜನ ಸತ್ತದ್ದಕ್ಕೂ ಇರುವ ನಂಟನ್ನು ಎರಡು ಚುಕ್ಕೆಗಳೇ ಹೊತ್ತುಕೊಂಡಿವೆ. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಅಮ್ಮನಿಂದ ಊಟಕ್ಕೆ ಕರೆ’ ಎಂದು ಯಾವ ಮಗುವೂ ಅಣ್ಣನನ್ನು ಎಬ್ಬಿಸಿದ್ದಿಲ್ಲ.

ಜಾಗ ಸಾಲದು ಎನ್ನುತ್ತಾರೆ ಡೆಸ್ಕಿನವರು. ನಿಜವೇ. ಸಿಂಗಲ್ ಕಾಲಂನಲ್ಲಿ ಮುಖ್ಯಮಂತ್ರಿ ಹಿಡಿಸುವುದಿಲ್ಲ, ಸಿಎಂ ಹಿಡಿಸುತ್ತಾರೆ. ಜಿಲ್ಲಾ ಪಂಚಾಯಿತಿ ‘ಜಿ.ಪಂ.’ ಆಗಿ ಮೈ ಕುಗ್ಗಿಸಿಕೊಳ್ಳುತ್ತದೆ. ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಎಡೆ ಬಿಡಬೇಕಾದ ಲಿಪಿ ಬೇರೆ ನಮ್ಮದು.

ಆದರೂ ನನ್ನ ಗುಮಾನಿಯೇ ಬೇರೆ. ಕ್ರಿಯಾಪದ ಬಂತೆಂದರೆ ಅದರ ಬಾಲಕ್ಕೆ ಮರ್ಯಾದೆಯ ಪ್ರಶ್ನೆಯೂ ಬರುತ್ತದೆ. ಲಂಚದ ಆರೋಪ ಹೊತ್ತ ಅಧಿಕಾರಿ ಸಿಕ್ಕಿಬಿದ್ದನೋ, ಸಿಕ್ಕಿಬಿದ್ದರೋ? ನಿನ್ನೆಯವರೆಗೆ ‘ಅವರು’, ಇಂದು ಲೋಕಾಯುಕ್ತದವರ ಬಲೆಯಲ್ಲಿ. ನ್ಯಾಯಾಲಯ ಇನ್ನೂ ಏನೂ ಹೇಳಿಲ್ಲ. ‘ಲಂಚ ಆರೋಪ: ಅಧಿಕಾರಿ ಬಂಧನ’ ಎಂದುಬಿಟ್ಟರೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಸುದ್ದಿಯೇ ಅನುಮಾನವಾದರೆ ‘ನಾಳೆ ಸಂಪುಟ ವಿಸ್ತರಣೆ?’ ಎಂದು ಓದುಗನನ್ನೇ ಕೇಳಿಬಿಡಬಹುದು, ಉತ್ತರ ಅವನ ಜೇಬಿನಲ್ಲಿದೆ ಎಂಬಂತೆ. ಈ ಜಾಣತನ ಒಮ್ಮೊಮ್ಮೆ ತಿರುಗಿ ಬೀಳುವುದೂ ಉಂಟು. ‘ಸಿಎಂ ಭೇಟಿ’ ಎಂದರೆ ಸಿಎಂ ಬಂದರೋ, ಯಾರೋ ಹೋಗಿ ಸಿಎಂ ಅವರನ್ನು ಕಂಡರೋ? ಕೆಳಗಿನ ಸುದ್ದಿ ಓದದೆ ಗೊತ್ತಾಗುವುದಿಲ್ಲ. ಓದಿಸುವುದೇ ಉದ್ದೇಶವಾಗಿದ್ದರೆ ಗೆದ್ದರೆನ್ನಿ.

ಹೀಗೆ ಹೊರಗಿಟ್ಟ ಮರ್ಯಾದೆ ಮರಣವಾರ್ತೆಯಲ್ಲಿ ನಾಮಪದದೊಳಗೇ ನುಸುಳುತ್ತದೆ. ಬಸ್ಸಿನ ಪ್ರಯಾಣಿಕನದು ಸಾವು. ಮಾಜಿ ಶಾಸಕರದು ನಿಧನ. ಗಡಿಯ ಯೋಧ ಹುತಾತ್ಮ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು, ಅದೇ ಡಿಸೆಂಬರ್‌ನಲ್ಲಿ ಪೇಜಾವರದ ವಿಶ್ವೇಶತೀರ್ಥರು ವೃಂದಾವನಸ್ಥರಾದರು. ಈ ಎರಡು ಪದಗಳನ್ನು ಅದಲುಬದಲು ಮಾಡಿದ ಉಪಸಂಪಾದಕ ಮರುದಿನ ಫೋನ್ ಎತ್ತುವಂತಿಲ್ಲ.

ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ ತೊಡಕು ಇನ್ನೂ ಹೆಚ್ಚು. ‘ಸತ್ತಿತು’ ಎನ್ನಲು ನಾಲಿಗೆ ಏಳದು, ‘ಸತ್ತರು’ ಎಂದರೆ ನಗುತ್ತಾರೆ. ಅಂಥ ಹೊತ್ತಿಗೆಂದೇ ‘ಇನ್ನಿಲ್ಲ’ ಇದೆ. ಕವಿಗೂ ಸರಿ, ನಟನಿಗೂ ಸರಿ, ಆನೆಗೂ ಸರಿ. ‘ಇಲ್ಲ’ಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ.