ಚೇಳು ಮತ್ತು ಒಂದು ಗುಳಿಗೆ

ನನ್ನ ತಮ್ಮನಿಗೆ ಚೇಳು ಕಡಿದದ್ದು 1988ರಲ್ಲಿ. ನಮ್ಮ ಯಲಬುರ್ಗಾ ತಾಲ್ಲೂಕು ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಸಂಜೆ ಒಲೆ ಹಚ್ಚಲು ಅಮ್ಮಿ ಅವನಿಗೆ ಕುಳ್ಳು ತರಲು ಹೇಳಿದ್ದಳು. ಅವನು ಗೋಡೆಗೆ ಒಟ್ಟಿದ್ದ ರಾಶಿಗೆ ಕೈ ಹಾಕಿದ. ಅವನಿಗೆ ಐದು ವರ್ಷ, ನನಗೆ ಎಂಟು.

ನಮ್ಮ ಕಡೆ ಚೇಳು ದೊಡ್ಡ ಸುದ್ದಿಯಲ್ಲ. ಕೊಪ್ಪಳ, ಕುಷ್ಟಗಿಯ ಕಲ್ಲುನೆಲದಲ್ಲಿ, ಗಂಗಾವತಿಯ ಬಂಡೆಗುಡ್ಡಗಳ ಸಂದಿಯಲ್ಲಿ ಅದೂ ನಮ್ಮ ಹಾಗೆಯೇ ಒಂದು ವಾಸಿ. ಜನ ಹೆಚ್ಚು ಹೆದರುವುದು ನೋಡಲು ಭಯಂಕರವಾದ ಕರಿಚೇಳಿಗೆ. ಅದು ಕಡಿದರೆ ಉರಿ, ನೋವು, ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಜೀವ ತೆಗೆಯುವುದು ಬೆರಳುದ್ದದ ಕೆಂಪು ಚೇಳು. ಮಂತ್ರ, ದಮ್‌ಗಳಿಗೆ ಹೆಸರು ಬಂದದ್ದು ಕರಿಚೇಳಿನ ದಯೆಯಿಂದ ಎಂದು ನನಗೀಗ ಅನ್ನಿಸುತ್ತದೆ.

ಮೊದಲು ಮೇಲಿನ ಓಣಿಯ ಅಜ್ಜ ಬಂದು ಬೇವಿನ ತಪ್ಪಲಿನಿಂದ ಇಳಿಸಿದ. ಆಮೇಲೆ ಮಸೀದಿಯ ಹಜರತ್ ಬಂದು ದಮ್ ಮಾಡಿದರು. ತಮ್ಮನ ಅಳು ನಿಂತಿತು. "ಇಳೀತು ಬಿಡವಾ, ಇನ್ನ ಮಲಗಸು" ಎಂದು ಅಜ್ಜ ಎದ್ದ. ಆದರೆ ತಮ್ಮನ ಅಂಗಿ ಬೆವರಿಗೆ ತೊಯ್ದಿತ್ತು. ಕೈಕಾಲು ಬಾವಿಯ ನೀರಿನಂತೆ ತಣ್ಣಗಾಗಿದ್ದವು. ಮಧ್ಯರಾತ್ರಿ ಎದೆಯಲ್ಲಿ ಗೊರಗೊರ ಸದ್ದು, ಬಾಯಲ್ಲಿ ನೊರೆ. ಅಬ್ಬಾ ಚಕ್ಕಡಿ ಹೂಡಿ ಆಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರು ತಮಗೆ ಗೊತ್ತಿದ್ದ ಇಂಜೆಕ್ಷನ್ ಕೊಟ್ಟರು. ಫಜರ್ ಅಜಾನಿಗೆ ಮೊದಲೇ ಎಲ್ಲ ಮುಗಿದಿತ್ತು.

ಅಂದು ಅವನ ಮೈಯಲ್ಲಿ ಏನಾಯಿತೆಂದು ನನಗೆ ತಿಳಿದದ್ದು 2022ರಲ್ಲಿ. ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗೆ ಪದ್ಮಶ್ರೀ ಬಂದ ಸುದ್ದಿಯ ಬೆನ್ನು ಹತ್ತಿ ಓದುತ್ತಾ ಹೋದೆ. ಅಂಬೇಡ್ಕರರು ಕೆರೆಯ ನೀರು ಮುಟ್ಟಿದ ಅದೇ ಮಹಾಡ್ ಸೀಮೆಯಲ್ಲಿ ಅವರು ಸರಕಾರಿ ವೈದ್ಯರಾಗಿದ್ದವರು. ಚೇಳು ಕಡಿದ ಕೂಲಿಕಾರರ ಮಂಚದ ಪಕ್ಕ ರಾತ್ರಿಯಿಡೀ ಕೂತು ನಾಡಿ, ಬಿಪಿ, ಉಸಿರು ಬರೆದುಕೊಂಡವರು. ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸಿ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್‌ಗಳನ್ನು ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಹೆದರಿದಾಗ ಮೈಯಲ್ಲಿ ಹನಿಹನಿಯಾಗಿ ಬರುವುದು ಆಗ ಹಳ್ಳದ ಹಾಗೆ ನುಗ್ಗುತ್ತದೆ. ರಕ್ತನಾಳಗಳ ಮೇಲೆ ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಿವೆ. ವೈದ್ಯರು ಅವನ್ನು ಆಲ್ಫಾ ಗ್ರಾಹಕಗಳೆನ್ನುತ್ತಾರೆ. ನಾಳ ಬಿಗಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನನ್ನ ತಮ್ಮನನ್ನು ನೋಡಿಯೇ ಬರೆದಂತಿತ್ತು.

ಆ ಬಾಗಿಲಿಗೆ ಅಗುಳಿ ಹಾಕುವ ಗುಳಿಗೆಯೊಂದು ಆಗಲೇ ಇತ್ತು. ಪ್ರಜೋಸಿನ್, ಬಿಪಿಗೆಂದು ಕೊಡುತ್ತಿದ್ದದ್ದು. ಬಾವಸ್ಕರ್ ಅದನ್ನು ಚೇಳಿಗೆ ಬಳಸಿದರು. ನುಂಗಿದ ಮೇಲೆ ರೋಗಿಯನ್ನು ಎಬ್ಬಿಸಿ ಕೂರಿಸಬಾರದು, ಬಿಪಿ ಕುಸಿಯುತ್ತದೆ. ಅದಕ್ಕೇ ಡಾಕ್ಟರ ಕಣ್ಣೆದುರೇ ಕೊಡಬೇಕು. ವಿಷ ಮೈಗೇರಿದವರಲ್ಲಿ ನೂರಕ್ಕೆ ಮೂವತ್ತು ನಲವತ್ತು ಮಂದಿ ಸಾಯುತ್ತಿದ್ದುದು ಒಬ್ಬಿಬ್ಬರಿಗೆ ಇಳಿಯಿತು. ಅವರ ಲೇಖನ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದದ್ದು 1986ರಲ್ಲಿ.

ಅಂದರೆ ತಮ್ಮ ಹೋಗುವುದಕ್ಕೆ ಎರಡು ವರ್ಷ ಮೊದಲು. ಇದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಅಜ್ಜನ ಮೇಲಾಗಲಿ ಹಜರತ್ ಮೇಲಾಗಲಿ ನನಗೆ ಸಿಟ್ಟಿಲ್ಲ. ಅವರು ತಮ್ಮ ಬಳಿ ಇದ್ದದ್ದನ್ನು ಕೊಟ್ಟರು. ಲಂಡನ್ನಿಗೆ ಹೋದ ಸುದ್ದಿ ಯಲಬುರ್ಗಾಕ್ಕೆ ಬರಲಿಲ್ಲವಲ್ಲ ಎಂಬುದೇ ನನ್ನ ಸಂಕಟ. ಹೊಸ ಔಷಧಿಯಾದರೆ ಕಂಪನಿಯವರು ಬ್ಯಾಗು ಹಿಡಿದು ಊರೂರು ತಿರುಗುತ್ತಾರೆ. ಹಳೆಯ, ಅಗ್ಗದ ಗುಳಿಗೆಗೆ ಹೊಸ ಕೆಲಸ ಸಿಕ್ಕರೆ ಯಾರು ತಿರುಗಬೇಕು?

ಅದೇ ಗುಳಿಗೆಗೆ ಇನ್ನೊಂದು ಕೆಲಸವೂ ಸಿಕ್ಕಿದೆ. ಆ ಬಾಗಿಲುಗಳು ಮಿದುಳಿನಲ್ಲೂ ಇವೆ, ಪ್ರಜೋಸಿನ್ ಅಲ್ಲಿಗೂ ಹೋಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಮರ್ರಿ ರಸ್ಕಿಂಡ್ ಎಂಬ ಮನೋವೈದ್ಯರು ವಿಯೆಟ್ನಾಂ ಯುದ್ಧ ಕಂಡ ಸೈನಿಕನೊಬ್ಬನಿಗೆ ಮೂತ್ರದ ತೊಂದರೆಗೆಂದು ಇದನ್ನು ಕೊಟ್ಟರೆ, ಅವನ ಕೆಟ್ಟ ಕನಸುಗಳು ಕಡಿಮೆಯಾದವು. 2003ರಿಂದ ನಡೆದ ಸಣ್ಣ ಪರೀಕ್ಷೆಗಳು ಭರವಸೆ ಹುಟ್ಟಿಸಿದವು. 304 ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಮಾತ್ರ ಖಾಲಿ ಗುಳಿಗೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಆದರೂ ಕೆಲವು ವೈದ್ಯರು ಇಂದಿಗೂ ಕೊಡುತ್ತಾರೆ.

ಅಮ್ಮಿಯ ಕನಸಿನಲ್ಲಿ ಕುಳ್ಳಿನ ರಾಶಿ ಇರುತ್ತಿತ್ತು. ಚೀರಿ ಎದ್ದು ಕತ್ತಲಲ್ಲೇ ನಮ್ಮೆಲ್ಲರ ಕೌದಿ ಕೊಡವುತ್ತಿದ್ದಳು. 2009ರಲ್ಲಿ ತೀರಿಕೊಳ್ಳುವವರೆಗೂ ಅದು ಬಿಡಲಿಲ್ಲ. ತಾವೀಜು ಕಟ್ಟಿಸಿದೆವು, ಅದನ್ನು ಕಾಯಿಲೆ ಎಂದು ಯಾರೂ ಎಣಿಸಲಿಲ್ಲ. ಕುಳ್ಳು ತರಲು ಹೇಳಿದವಳು ತಾನೇ ಎಂಬ ನೋವಿಗೆ ಗುಳಿಗೆ ಇದೆಯೆಂದು ನಾನು ಹೇಳಲಾರೆ.

ಕಳೆದ ತಿಂಗಳು ಗಂಗಾವತಿಗೆ ಹೋದಾಗ ಗೆಳೆಯನ ಔಷಧಿ ಅಂಗಡಿಯಲ್ಲಿ ಪ್ರಜೋಸಿನ್ ಐತೇನೋ ಎಂದು ಕೇಳಿದೆ. "ಐತಿ. ಯಾರಿಗೆ, ಬಿಪಿಗೋ ಪ್ರಾಸ್ಟೇಟಿಗೋ?" ಎಂದ. ಚೇಳಿಗೆ ಎಂದೆ. ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ, ಕುರ್ಚಿ ಎಳೆದು ನನ್ನ ಮುಂದಿಟ್ಟ.